ದೊರೆಯನ್ನು ಸೀಟಿನ ಕೆಳಗೆ ಕೂರಿಸಿದ ಕುರಿತು

ವಿಮಾನ ಕಂಪನಿಯ ಪ್ರಯಾಣಿಕ ಸೌಖ್ಯ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನೆಲದ ಮೇಲೆ ಓಡಾಡಿಕೊಂಡಿರುವ ನಮ್ಮಂಥವರನ್ನು ಮೋಡದ ಮೇಲಕ್ಕೆತ್ತಿ, ಮತ್ತೆ ಜೋಪಾನವಾಗಿ ಕೆಳಗಿಳಿಸುತ್ತಿರುವ ತಮಗೂ ತಮ್ಮ ಸಮಸ್ತ ಸಿಬ್ಬಂದಿಗೂ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದೆನಾದರೂ ತಮ್ಮ ಎರಡು ಸೀಟುಗಳ ನಡುವೆ ಅದಕ್ಕೆ ಬೇಕಾದ ಜಾಗ ಇಲ್ಲವಾದ್ದರಿಂದ ಸದ್ಯಕ್ಕೆ ತಲೆಯನ್ನು ಮಾತ್ರ ಬಾಗಿಸಿದ್ದೇನೆ, ಮನ್ನಿಸಬೇಕು.

ನಾನು ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ. ನಾನು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಅಚ್ಚು ಹೊಯ್ದು, ಅರೆದು, ಹೊಳಪು ಕೊಟ್ಟು ಸೆಟ್ಟು ತಯಾರಿಸುತ್ತೇನೆ. ನನ್ನ ಮದುವೆಯ ಮಾತುಕತೆ ನಡೆಸಿದ ಮಧ್ಯವರ್ತಿ 'ಹುಡುಗ ಹಲ್ಲಿನ ಲೈನಿನಲ್ಲಿದ್ದಾನೆ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡದ್ದರಿಂದ, ನನ್ನ ಹೆಂಡತಿಯ ತಾಯಿ, ಅಂದರೆ ನನ್ನ ಅತ್ತೆಯವರು, ಡಾಕ್ಟರೇ ಅಳಿಯನಾಗಿ ಬರುತ್ತಿದ್ದಾನೆಂದು ನೆಂಟರಿಷ್ಟರಿಗೆಲ್ಲ ಸಾರಿಬಿಟ್ಟಿದ್ದರು. ನಿಜ ಗೊತ್ತಾದ ದಿನದಿಂದ ಅವರು ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಮಾವನವರು ಇರುವಷ್ಟು ಕಾಲ ಅವರ ಮೂಲಕ ಮಾತಾಡಿದರು; ಅವರು ತೀರಿಕೊಂಡ ಮೇಲೆ ನಾಯಿಯ ಮೂಲಕ. ನಾಯಿಯ ಹೆಸರು ದೊರೆ. ಎರಡು ಬೊಗಸೆಯಲ್ಲಿ ಮುಗಿದುಹೋಗುವಷ್ಟು ಪುಟ್ಟ ಪ್ರಾಣಿ. 'ದೊರೆ, ಅವರಿಗೆ ಹೇಳು, ಕಾಫಿ ಆರ್ತಾ ಇದೆ' ಎಂದು ಅತ್ತೆಯವರು ಹೇಳುತ್ತಾರೆ, ದೊರೆ ನನ್ನ ಕಡೆ ನೋಡುತ್ತಾನೆ, ನಾನು ಕಾಫಿ ಕುಡಿಯುತ್ತೇನೆ. ಯಾರಿಗೂ ತೊಂದರೆಯಿಲ್ಲದ ಏರ್ಪಾಡು.

ಹೀಗಿರುವಾಗ ನನ್ನ ಹೆಂಡತಿಗೆ ದಿನ ತುಂಬುತ್ತ ಬಂತು. ಚೊಚ್ಚಲ ಹೆರಿಗೆ, ಅಮ್ಮ ಪಕ್ಕದಲ್ಲಿರಬೇಕೆಂದು ಅವಳು ಹಟ ಹಿಡಿದಳು. ದೊರೆ ತನ್ನ ಜೊತೆಯಲ್ಲೇ, ಕಣ್ಣಳತೆಯಲ್ಲೇ ಕೂತು ಬರುವುದಾದರೆ ಮಾತ್ರ ಬರುತ್ತೇನೆಂದು ಅತ್ತೆಯವರು ಅಂದರು. ತಮ್ಮ ಕಂಪನಿ ಸಣ್ಣ ನಾಯಿಗಳನ್ನು ಪ್ರಯಾಣಿಕರ ಜೊತೆಗೇ ಕರೆದೊಯ್ಯುವಷ್ಟು ಕರುಣಾಮಯಿಯೆಂದು ತಿಳಿದು, ಅವರಿಬ್ಬರನ್ನೂ ಕರೆತರಲು ನಾನು ಅತ್ತೆಯವರ ಊರಿಗೆ ಹೊರಟೆ.

ಅವರೊಡನೆ ಮರಳುವಾಗ ವಿಮಾನ ನಿಲ್ದಾಣದ ಕೌಂಟರಿನಲ್ಲಿ ತಮ್ಮ ನಿಯಮದ ಸೊಬಗನ್ನು ಮೊದಲ ಬಾರಿಗೆ ಕಂಡೆ. ನಾಯಿಯನ್ನಿಟ್ಟ ಚೀಲ ಸೀಟಿನ ಕೆಳಗೆ ಹಿಡಿಸುವಷ್ಟು ಚಿಕ್ಕದಿರಬೇಕು, ಅದರೊಳಗೆ ನಾಯಿ ಎದ್ದುನಿಂತು ಒಂದು ಸುತ್ತು ತಿರುಗುವಷ್ಟು ದೊಡ್ಡದೂ ಇರಬೇಕು. 'ಒಂದ್ಸಲ ತಿರುಗಿಸಿ ತೋರ್ಸಿ ಸರ್' ಎಂದು ಕೌಂಟರಿನ ಹುಡುಗಿ ಬಹಳ ವಿನಯದಿಂದ ಕೇಳಿದಳು. ಮನೆಯಲ್ಲಿ ಮಲಗುವ ಮುಂಚೆ ತಲೆ ಸುತ್ತುವಷ್ಟು ಸಲ ಗಿರಕಿ ಹೊಡೆಯುವ ದೊರೆ, ಚೀಲದೊಳಗೆ ಕಲ್ಲಿನ ಹಾಗೆ ಕೂತುಬಿಟ್ಟ. ನಾನು ಪುಸಲಾಯಿಸಿದೆ. ಹಿಂದೆ ಸಾಲಿನಲ್ಲಿದ್ದವರೂ ಬಾಯಲ್ಲಿ ಚುಚ್ಚುಚ್ಚು ಎಂದರು. ತಿರುಗದಿದ್ದರೆ ಸಾಮಾನಿನ ಜೊತೆ ಕಳಿಸಬೇಕಾಗುತ್ತದೆಂದು ಹುಡುಗಿ ಹೇಳಿದೊಡನೆ ಅತ್ತೆಯವರು ಚೀಲದ ಹಿಡಿಕೆಗೆ ಕೈಹಾಕಿದರು. 'ದೊರೆ, ಅವರಿಗೆ ಹೇಳು, ನಿನ್ನ ಬಿಟ್ಟು ನಾನು ಬರೋಳಲ್ಲ. ಬಾ, ಮನೆಗೆ ಹೋಗೋಣ.'

ಮಾನ್ಯರೇ, ಆಗ ನನ್ನ ಕಣ್ಣೆದುರು ಬಂದದ್ದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ಕಾದಿರುವ ನನ್ನ ಹೆಂಡತಿ. ಮಾನ ಮರ್ಯಾದೆಯನ್ನೆಲ್ಲ ಬದಿಗಿಟ್ಟು ನೆಲದ ಮೇಲೆ ಮಂಡಿಯೂರಿ, ಚೀಲದ ಸುತ್ತ ಅಂಬೆಗಾಲಿಕ್ಕುತ್ತ ಒಂದು ಸುತ್ತು ಬಂದೆ. ಈ ಮನುಷ್ಯನಿಗೆ ಏನಾಯಿತೆಂಬ ಕುತೂಹಲಕ್ಕೆ ದೊರೆ ನನ್ನನ್ನೇ ನೋಡುತ್ತ ತಾನೂ ಪೂರ್ತಿ ತಿರುಗಿದ. ಸಾಲಿನವರು ಚಪ್ಪಾಳೆ ತಟ್ಟಿದರು. ಇಷ್ಟು ಉದಾತ್ತವಾದ ಪರೀಕ್ಷೆಯನ್ನು ನಾಯಿಗಳಿಗಷ್ಟೇ ಮೀಸಲಿಟ್ಟಿರುವುದು ತರವಲ್ಲ. ತಮ್ಮ ಸೀಟಿನಲ್ಲಿ ಎದ್ದುನಿಂತು ಒಂದು ಸುತ್ತು ತಿರುಗಲಾಗದ ಮನುಷ್ಯರನ್ನೂ ಸಾಮಾನಿನ ಜೊತೆ ಕಳಿಸುವ ನಿಯಮ ತಂದರೆ, ಪೈಲಟ್ಟರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಕೆಳಗೆ ಕಾಲು ಚಾಚಿಕೊಂಡು ಸುಖವಾಗಿ ಹೋಗಬಹುದಲ್ಲವೇ?

ಒಳಗೆ ಹೋದರೆ ಅತ್ತೆಯವರ ಮುಂದಿನ ಸೀಟಿನ ಕೆಳಗೆ ಎಂಥದೋ ಕಬ್ಬಿಣದ ಪೆಟ್ಟಿಗೆ ಕೂತಿತ್ತು. ಹಾಗಾಗಿ ದೊರೆ ನನ್ನ ಕಾಲಬುಡಕ್ಕೆ ಬಂದ, ನನ್ನ ಮೊಣಕಾಲುಗಳು ನನ್ನ ಗಲ್ಲದ ಹತ್ತಿರಕ್ಕೆ ಬಂದವು. ನನ್ನ ಇನ್ನೊಂದು ಪಕ್ಕದಲ್ಲಿದ್ದ ಮಹನೀಯರು ತಮಗೆ ನಾಯಿಯ ಕೂದಲು ಆಗಿಬರುವುದಿಲ್ಲವೆಂದು ಅತ್ತೆಯವರ ತೊಡೆಯ ಮೇಲಿದ್ದ ಚೀಲವನ್ನು ತೋರಿಸಿ ಒಂದೇ ಸಮನೆ ಸೀನತೊಡಗಿದರು. ಅದರಲ್ಲಿರುವುದು ಎರಡು ಸೀರೆ, ಒಂದು ದಿಂಬು ಎಂದು ಗಗನಸಖಿ ತೆರೆದು ತೋರಿಸಿದ ಮೇಲೆ ಸೀನು ನಿಂತಿತು. ತಮ್ಮ ಸಿಬ್ಬಂದಿಯ ವೈದ್ಯಕೀಯ ಪರಿಣತಿಗೆ ನನ್ನ ಮೆಚ್ಚುಗೆ ಸಲ್ಲಬೇಕು.

ನನ್ನ ಮುಖ್ಯ ದೂರು ಇನ್ನು ಮುಂದಿನದು. ಅರ್ಧ ದಾರಿಯಲ್ಲಿ ತಮ್ಮ ವಿಮಾನ ಒಂದು ಕಪ್ಪು ಮೋಡದೊಳಗೆ ನುಗ್ಗಿ, ಹಳೇ ಬಸ್ಸು ಗುಂಡಿಗೆ ಬಿದ್ದಂತೆ ದಢಾರನೆ ಕುಸಿಯಿತು. ದೊರೆ ಕುಂಯ್ಗುಟ್ಟತೊಡಗಿದ. ಅತ್ತೆಯವರು ನನ್ನನ್ನು ದಾಟಿಕೊಂಡು ಬಗ್ಗಲು ಹೋದರು. 'ಬೆಲ್ಟ್ ಬಿಚ್ಚಬೇಡಿ ಅಮ್ಮ, ಚೀಲ ತೆಗೆಯೋ ಹಾಗಿಲ್ಲ' ಎಂದು ಗಗನಸಖಿ ತನ್ನ ಸೀಟಿನಿಂದಲೇ ಕೂಗಿದಳು. ಮತ್ತೊಮ್ಮೆ ಕುಸಿಯಿತು. ನನ್ನೊಡನೆ ಮಾತಾಡಲು ಅತ್ತೆಯವರ ಬಳಿ ಈಗ ನಾಯಿ ಇರಲಿಲ್ಲ.

'ಅಳಿಯಂದ್ರೇ,' ಎಂದರು. ಯಾರನ್ನು ಕರೆಯುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. 'ನಿಮ್ಮನ್ನೇ. ಶೂ ಬಿಚ್ಚಿ. ಕಾಲು ಅವನ ಹತ್ರ ಇಡಿ. ಒಬ್ಬನೇ ಇದೀನಿ ಅಂದ್ಕೊಂಡಿದಾನೆ ಪಾಪ.'

ಬಿಚ್ಚಿದೆ. ಚೀಲದ ಜಾಲರಿಗೆ ಪಾದ ಒತ್ತಿದೆ. ಒಳಗಿನಿಂದ ಒದ್ದೆ ಮೂಗು ಬಂದು ಆನಿಕೊಂಡಿತು. ಕುಂಯ್ಗುಟ್ಟುವುದು ನಿಂತಿತು, ನಡುಕ ಮಾತ್ರ ಜಾಲರಿಯ ಮೂಲಕ ನನ್ನ ಕಾಲಿಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ಅತ್ತೆಯವರು ನನ್ನ ಕೈ ಹಿಡಿದುಕೊಂಡಿದ್ದರು. 'ನಂಗೂ ಭಯ ಆಗ್ತಿದೆ' ಎಂದರು, ಕಣ್ಣು ಮುಚ್ಚಿಕೊಂಡು. ನಾನೂ ಅವರ ಕೈಯನ್ನು ಬಿಗಿಯಾಗಿ ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ, 'ಕೈ ಗಟ್ಟಿ ಇದೆ ನಿಮ್ದು. ಹಲ್ಲು ಅರೆದೂ ಅರೆದೂ ಇರ್ಬೇಕು' ಎಂದರು. ಇಳಿಯುವವರೆಗೂ ಬಿಡಲಿಲ್ಲ.

ಅಂದು ಆರಂಭವಾದ ಮಾತು ಇನ್ನೂ ನಿಂತಿಲ್ಲ ಮಾನ್ಯರೇ. ನಾನು ಟೂತ್‌ಪೇಸ್ಟನ್ನು ನಡುವೆ ಹಿಸುಕುವುದು, ಅಂಗಿಯ ಕಾಲರು, ಸ್ಕೂಟರು ಓಡಿಸುವ ರೀತಿ, ಮೊನ್ನೆ ಹುಟ್ಟಿದ ನನ್ನ ಮಗಳನ್ನು ಎತ್ತಿಕೊಳ್ಳುವ ರೀತಿ, ಎಲ್ಲವನ್ನೂ ನೇರವಾಗಿ ನನ್ನ ಮುಖಕ್ಕೇ ಹೇಳಲಾಗುತ್ತಿದೆ. ವರ್ಷಗಳಿಂದ ನಾನು ಜತನದಿಂದ ಕಾಪಾಡಿಕೊಂಡು ಬಂದ ಪ್ರಶಾಂತಿಯನ್ನು ತಮ್ಮ ಒಂದು ಮೋಡ ಕಿತ್ತುಕೊಂಡಿತು. ಆದಕಾರಣ ಅದೇ ವಿಮಾನವನ್ನು ಅದೇ ಮೋಡದೊಳಗೆ ಹಿಂದುಮುಂದಾಗಿ ಹಾರಿಸಿ, ಆದದ್ದನ್ನು ಆಗದಂತೆ ಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ನಿನ್ನೆ ಮಗು ನೋಡಲು ಬಂದ ಪಕ್ಕದ ಮನೆಯಾಕೆ ಅಳಿಯನ ಕೆಲಸವೇನೆಂದು ವಿಚಾರಿಸಿದಾಗ ನಾನು ಬಾಗಿಲ ಮರೆಯಲ್ಲಿ ಬಟ್ಟೆ ಮಡಚುತ್ತಿದ್ದೆ. 'ಡಾಕ್ಟರಲ್ಲಮ್ಮ' ಎಂದರು ಅತ್ತೆಯವರು. 'ಡಾಕ್ಟರು ಹಲ್ಲು ಕೀಳ್ತಾರೆ ಅಷ್ಟೇ. ನಮ್ಮ ಅಳಿಯಂದ್ರು ಹಲ್ಲು ಕೊಡ್ತಾರೆ.' ಕೈಯಲ್ಲಿದ್ದ ಬಟ್ಟೆಯನ್ನು ಬಿಚ್ಚಿ ಬಿಚ್ಚಿ ಮತ್ತೆ ಅದನ್ನೇ ಮಡಚುತ್ತ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಇದಕ್ಕೆ ಯಾರು ಹೊಣೆ, ತಾವೇ ಹೇಳಿ.

ಮಡಚಿದ ಮೊಣಕಾಲನ್ನು ಇನ್ನೂ ನೀವಿಕೊಳ್ಳುತ್ತಿರುವ
ತಮ್ಮ ವಿಶ್ವಾಸಿ,
ಕಟ್ಟುಹಲ್ಲಿನವನು

ವಿ.ಸೂ.: ತಮ್ಮ ವಿಮಾನದಲ್ಲಿ ಕೊಟ್ಟ ಬಿಸ್ಕತ್ತನ್ನು ದೊರೆ ಮೂಸಿ ನೋಡಿ ಹಿಂದಕ್ಕೆ ಸರಿದ, ಮನುಷ್ಯರೆಲ್ಲ ಕಟಕಟನೆ ಕಚ್ಚಿ ತಿಂದರು. ಅದರ ಗಟ್ಟಿತನದ ಬಗ್ಗೆ ಬೇರೆಯವರು ದೂರು ಕೊಟ್ಟರೆ ದಯವಿಟ್ಟು ಕಿವಿಗೊಡಬೇಡಿ. ನನ್ನ ಕಸುಬಿನವರೆಲ್ಲರ ಪರವಾಗಿ ಕೇಳಿಕೊಳ್ಳುತ್ತಿದ್ದೇನೆ.