ಅದು ಯಾರ ಎದೆಬಡಿತ?

ಅಂಗಡಿಯವರ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಇನ್‌ಸ್ಪೆಕ್ಟರನಿಗೆ ಯಂತ್ರ ಎಂದರೆ ಕಳ್ಳ ಎಂದೇ ಲೆಕ್ಕ. ಹೆಂಡತಿಯ ಹೆರಿಗೆ ಕೋಣೆಗೆ ಬರುವಾಗಲೂ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಲಿಲ್ಲ.

ಅವಳ ಹೊಟ್ಟೆಗೆ ಕಟ್ಟಿದ ಪಟ್ಟಿ ಮಗುವಿನ ಎದೆಬಡಿತ ಎಣಿಸುತ್ತಿತ್ತು, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಅವಳದನ್ನು.

“ಎರಡೂ ಒಂದೇ ಆದ್ರೆ ಮೆಷಿನ್ ಕೂಗುತ್ತೆ,” ಎಂದಳು ನರ್ಸ್. “ಮಗು ಬಿಟ್ಟು ತಾಯಿ ಎದೆಬಡಿತಾನೇ ಎಣಿಸ್ತಿದೀನೇನೋ ಅಂತ ಅದಕ್ಕೆ ಅನುಮಾನ.”

“ಅದು ಸರಿಯಾಗಿ ಎಣಿಸುತ್ತೆ ಅಂತ ನೋಡಿದೋರು ಯಾರು?”

ನರ್ಸ್ ಅವನನ್ನೊಮ್ಮೆ ದುರುಗುಟ್ಟಿ ನೋಡಿ ಹೊರಗೆ ಹೋದಳು. ಅವನು ಮೆಲ್ಲಗೆ ಹೆಂಡತಿಯ ಕ್ಲಿಪ್ಪು ತೆಗೆದು ತನ್ನ ಬೆರಳಿಗೆ ಹಾಕಿಕೊಂಡು, ಕತ್ತಿನ ನಾಡಿ ಹಿಡಿದು ತಾಳೆ ನೋಡತೊಡಗಿದ.

“ಅಳಿಯಂದ್ರೇ, ನಿಮ್ಮ ಕೈ ಸುಮ್ನಿರಲ್ವಾ?” ಎಂದರು ಮಗಳ ತಲೆದಸೆಯಲ್ಲಿ ಕೂತಿದ್ದ ಅತ್ತೆ.

ಅಷ್ಟರಲ್ಲಿ ನೋವು ಬಂತು. ಹೆಂಡತಿ ಅವನ ಇನ್ನೊಂದು ಕೈ ಹಿಂಡುತ್ತಾ ಚೀರಿದಳು. ಗಾಬರಿಯಲ್ಲಿ ಕ್ಲಿಪ್ಪು ಮರೆತೇ ಹೋಯಿತು. ಅವನ ಎದೆ ಮಗುವಿನ ಎದೆಯಷ್ಟೇ ವೇಗವಾಗಿ ಹೊಡೆದುಕೊಂಡಿತು. ಯಂತ್ರ ಕೂಗಿತು.

ಡಾಕ್ಟರ್ ಓಡಿಬಂದರು. “ಎರಡೂ ಒಂದೇ ತೋರಿಸ್ತಿದೆ, ಮಗು ಎದೆಬಡಿತ ಸಿಗ್ತಿಲ್ಲ. ಆಪರೇಷನ್‌ಗೆ ತಯಾರಿ ಮಾಡಿ.”

ಆಗ ನರ್ಸ್ ಕ್ಲಿಪ್ಪಿನ ವೈರು ಹಿಡಿದುಕೊಂಡು ಹೋಗಿ ಇನ್‌ಸ್ಪೆಕ್ಟರನ ಬೆರಳಿಗೆ ಬಂದು ನಿಂತಳು.

“ಅಪ್ಪನ ಗಾಬರಿಗೆ ಅಮ್ಮನ ಹೊಟ್ಟೆ ಕುಯ್ದುಬಿಡ್ತಿದ್ದೆನಲ್ಲ,” ಎಂದು ಡಾಕ್ಟರ್ ನಕ್ಕು, ಕ್ಲಿಪ್ಪನ್ನು ಮತ್ತೆ ಅವಳ ಬೆರಳಿಗೆ ಹಾಕಿ ಅವನನ್ನು ಹೊರಗೆ ಕಳಿಸಿದರು.

ಬಾಗಿಲಾಚೆ ನಿಂತವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಭಯ. ಒಳಗೆ ಯಂತ್ರ ಮತ್ತೆ ಕೂಗುತ್ತಿತ್ತು.

“ಅವ್ರು ಮುಟ್ಟಿ ಕೆಡಿಸಿಟ್ಟಿದ್ದಾರೆ. ಶಬ್ದ ನಿಲ್ಲಿಸ್ತೀನಿ,” ಎನ್ನುತ್ತಿದ್ದಳು ನರ್ಸ್.

ಅವನು ಬಾಗಿಲು ತಳ್ಳಿದ. “ನಿಲ್ಲಿಸ್ಬೇಡಿ. ಅದು ಆಗ್ಲೂ ಸುಳ್ಳು ಹೇಳ್ಲಿಲ್ಲ, ತಪ್ಪು ನನ್ನದು. ಈಗ ನನ್ನ ಬೆರಳು ಖಾಲಿ ಇದೆ, ನೋಡಿ.”

ಡಾಕ್ಟರ ನಗು ನಿಂತಿತು. ಪಟ್ಟಿ ಜಾರಿತ್ತು. ಅದು ಎಣಿಸುತ್ತಿದ್ದುದು ನೋವಿಗೆ ಓಡುತ್ತಿದ್ದ ತಾಯಿಯ ನಾಡಿಯನ್ನೇ. ಪಟ್ಟಿ ಸರಿಸಿ ಹುಡುಕಿದಾಗ ಸಿಕ್ಕ ಮಗುವಿನ ಬಡಿತ ಇಳಿಯುತ್ತಾ ಹೋಗುತ್ತಿತ್ತು. ಅವಳನ್ನು ಆಪರೇಷನ್‌ಗೆ ಕರೆದೊಯ್ದರು.

ಯಂತ್ರಕ್ಕೆ ಗೊತ್ತಾಗುವುದು ಬಡಿತ ಮಾತ್ರ, ಅದು ಯಾರ ಎದೆಯದು ಎಂದು ಮನುಷ್ಯರೇ ನೋಡಬೇಕು ಎಂದು ಅವನಿಗೆ ಅಂದು ಹೊಳೆಯಿತು. ಒಳಗೆ ಮಗು ಅತ್ತಾಗ ಅವನೂ ಗೋಡೆಗೆ ಒರಗಿ ಅತ್ತುಬಿಟ್ಟ.

ಮಗು ನೋಡಲು ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದರು: “ಅಳಿಯಂದ್ರು ಕೆಡಿಸೋಕೆ ಎಷ್ಟು ನೋಡಿದ್ರೂ, ಪಾಪ, ಆ ಮೆಷಿನ್ನೇ ನಮ್ಮ ಮಗೂನ ಉಳಿಸ್ತು.”

ಅವನು ಏನೋ ಹೇಳಲು ಬಾಯಿ ತೆರೆದ. ಯಂತ್ರದ ಪರ ಸಾಕ್ಷಿ ಹೇಳಿದವನು ತಾನೇ ಆದ್ದರಿಂದ, ಹೌದೆಂದು ತಲೆಯಾಡಿಸಿದ.