ಟೈಲರಮ್ಮನ ಎರಡನೇ ನಿದ್ದೆ

ಗೌನಿನ ಅಂಚು ನೆಲ ಗುಡಿಸತೊಡಗಿದಾಗ ಟೈಲರಮ್ಮ ಮೊದಲು ಬೈದದ್ದು ಬಟ್ಟೆಯನ್ನು. ತೊಳೆದರೆ ಕುಗ್ಗುವ ಬಟ್ಟೆ ಉಂಟು, ಬೆಳೆಯುವ ಬಟ್ಟೆ ಎಲ್ಲಿಂದ ಬಂತು? ಆಮೇಲೆ ಟೇಪನ್ನು ಬೈದಳು. ನಲವತ್ತೆರಡು ವರ್ಷ ಊರವರ ಸೊಂಟ ಸುತ್ತಿದ ಟೇಪು (ಕೆಲವು ಸೊಂಟಗಳು ಸಾಮಾನ್ಯದವಲ್ಲ) ಜಗ್ಗಿರಲೇಬೇಕು. ಕೊನೆಗೆ ಉಳಿದವಳು ಸೊಸೆ.

“ನನ್ನ ಗೌನಿನ ಅಂಚು ಬಿಚ್ಚಿದ್ದೀಯೇನೇ?”

ಸೊಸೆ ಶಾಲೆಯಲ್ಲಿ ಡ್ರಿಲ್ ಟೀಚರ್. ಉತ್ತರ ಕೊಡುವ ಬದಲು ಅತ್ತೆಯನ್ನು ಅವಳ ಎತ್ತರದ ಹಳೆಯ ಗುರುತಿದ್ದ ಬಾಗಿಲ ಚೌಕಟ್ಟಿಗೆ ಒರಗಿಸಿ ಅಳೆದಳು. “ಗೌನು ಸರಿಯಾಗಿದೆ ಅತ್ತೆ. ನೀವೇ ಎರಡು ಇಂಚು ಕಮ್ಮಿ ಆಗಿದ್ದೀರಿ.”

ಅರವತ್ತೆಂಟು ವರ್ಷ ಜೋಪಾನ ಮಾಡಿದ ದೇಹದಲ್ಲಿ ಎರಡು ಇಂಚು ಕಳುವಾದರೆ ಸುಮ್ಮನಿರಲಾದೀತೇ? ಇಬ್ಬರೂ ಆಸ್ಪತ್ರೆಗೆ ಹೋದರು. ಮೂಳೆಯ ಗಟ್ಟಿತನ ನೋಡುವ ಮೇಜಿನ ಮೇಲೆ ಟೈಲರಮ್ಮನನ್ನು ಮಲಗಿಸಿದರು. ಯಂತ್ರದ ತೋಳು ಮೋಡದಂತೆ ಮೆಲ್ಲಗೆ ಮೇಲೆ ಸರಿಯಿತು. ಅದರ ಗುಂಯ್ ಸದ್ದಿಗೆ ಅವಳಿಗೆ ಸೊಗಸಾದ ನಿದ್ದೆ ಹತ್ತಿತು. ಕನಸಿನಲ್ಲಿ ನೀಲಿ ಬಟ್ಟೆಯ ಸಮುದ್ರ. ಕತ್ತರಿ ತೇಲುತ್ತ ಅದನ್ನು ಸೀಳುತ್ತಿತ್ತು. ಎಷ್ಟು ಸೀಳಿದರೂ ದಡವಿಲ್ಲ.

ಡಾಕ್ಟರಮ್ಮ ವರದಿ ನೋಡಿದಳು. “ಆಸ್ಟಿಯೋಪೊರೋಸಿಸ್. ಮೂಳೆ ಒಳಗೊಳಗೇ ಟೊಳ್ಳಾಗಿದೆ. ಬೆನ್ನಿನ ಒಂದು ಮಣಿ ಆಗಲೇ ಕುಸಿದಿದೆ. ಹಿಂದೆ ಜೋರಾಗಿ ನೋವು ಬಂದಿತ್ತಾ?”

“ಹೊಲಿಗೆ ಮಿಷಿನ್ ಎತ್ತಿಟ್ಟ ದಿನ ಬಂದಿತ್ತು. ಗ್ಯಾಸು ಅಂದ್ಕೊಂಡೆ.”

“ಈಗ ಬಿದ್ದು ಸೊಂಟ ಮುರಿದ್ರೆ ಮತ್ತೆ ಮಿಷಿನ್ ಮುಂದೆ ಕೂರೋದೇ ಕಷ್ಟ.”

ಹಾಲು, ಸೊಪ್ಪು, ಬಿಸಿಲು, ಎಲ್ಲಕ್ಕೂ ಟೈಲರಮ್ಮ ತಲೆಯಾಡಿಸಿದಳು. ಎಡವಟ್ಟಾದದ್ದು ಮಾತ್ರೆಯಲ್ಲಿ. ವಾರಕ್ಕೊಂದು, ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ತುಂಬು ಲೋಟ ನೀರಿನ ಜೊತೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ!

ಇದು ಘೋರ ಅನ್ಯಾಯ. ಬೆಳಗಿನ ಜಾವ ಎದ್ದು ನೀರು ಕುಡಿದು ಮತ್ತೆ ಮಲಗುವ ಎರಡನೇ ನಿದ್ದೆಯೇ ಟೈಲರಮ್ಮನ ಸಾಮ್ರಾಜ್ಯ. ಹಗಲೆಲ್ಲ ಪರರ ತೋಳು, ಕಾಲರು, ಕಾಜಾ. ಆ ಹೊತ್ತು ಮಾತ್ರ ಅವಳದು. ಆಗ ಕನಸಿನಲ್ಲಿ ಬಟ್ಟೆಯ ಇನ್ನೊಂದು ತುದಿ ಹಿಡಿಯಲು ತೀರಿಹೋದ ಗಂಡ ಬರುತ್ತಿದ್ದ (ಬದುಕಿದ್ದಾಗ ಕೂಗಿ ಕರೆದರೂ ಬರುತ್ತಿರಲಿಲ್ಲ).

“ನಾನು ಬಾಗಿಲಿಗೆ ಬಂದು ನೋಡ್ತೀನಿ, ಮಲಗಿದ್ರೆ ಜೋಕೆ” ಎಂದಳು ಸೊಸೆ.

ಭಾನುವಾರ ಮಾತ್ರೆ ನುಂಗಿದ ಟೈಲರಮ್ಮ ಅಳತೆಯ ಬೊಂಬೆಗೆ ತನ್ನ ಗೌನು ತೊಡಿಸಿದಳು. ತಲೆಯಿಲ್ಲದ ಅದರ ಕುತ್ತಿಗೆಯ ಮೇಲೆ ಉಣ್ಣೆಯ ದೊಡ್ಡ ಉಂಡೆಯಿಟ್ಟು, ಶಾಲು ಹೊದಿಸಿ, ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿದಳು. ತಾನು ಬೀರುವಿನ ಮರೆಯ ಮಂಚದಲ್ಲಿ ಪವಡಿಸಿದಳು.

“ಭೇಷ್ ಅತ್ತೆ! ಎಷ್ಟು ನೆಟ್ಟಗೆ ನಿಂತಿದ್ದೀರಿ!” ಎಂದಿತು ಮಸುಕು ಬೆಳಕಿನ ಬಾಗಿಲು.

ಎರಡನೇ ಭಾನುವಾರವೂ ಹಾಗೆಯೇ. ಮೂರನೆಯ ಸಲ ಸೊಸೆ ಏನೇನೋ ಕೇಳಿದಂತಿತ್ತು. ಕನಸಿನಲ್ಲಿ ಗಂಡ ಹೆಂಡತಿಯ ಪರವಾಗಿ ತಲೆಯಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಟೈಲರಮ್ಮನಿಗೆ ಎದೆ ಧಗಧಗ ಉರಿಯತೊಡಗಿತು. ಗುಟುಕು ನೀರೂ ಇಳಿಯಲೊಲ್ಲದು. ಸೋಮವಾರ ಮತ್ತೆ ಆಸ್ಪತ್ರೆ.

“ಮಾತ್ರೆ ನುಂಗಿ ಮಲಗಿದ್ರಾ?” ಎಂದಳು ಡಾಕ್ಟರಮ್ಮ.

“ಛೆ ಛೆ!” ಸೊಸೆಯೇ ಉತ್ತರಿಸಿದಳು. “ಒಂಚೂರೂ ಅಲುಗಾಡದೆ ನಿಂತಿದ್ರು ಡಾಕ್ಟ್ರೇ. ಶಾಲೆ ಮೈದಾನದಲ್ಲಿ ದೊಡ್ಡವರಿಗೆ ವ್ಯಾಯಾಮದ ಕ್ಲಾಸು ಶುರು ಮಾಡ್ತೀನಿ, ದಿನಾ ಬೆಳಗ್ಗೆ ಐದೂಮುಕ್ಕಾಲಿಗೆ, ಬರ್ತೀರಾ ಅಂತ ನಿನ್ನೆ ಕೇಳಿದೆ. ಬೇಡ ಅನ್ನಲಿಲ್ಲ. ಹೆಸರು ಬರೆದಾಯ್ತು.”

ಸೊಸೆಯ ತುಟಿ ಬಿಗಿದಿತ್ತು. ಭುಜಗಳು ಮಾತ್ರ ಕುಣಿಯುತ್ತಿದ್ದವು.

“ನಿಂಗೆ ಹೆಂಗೆ ಗೊತ್ತಾಯ್ತೇ?” ಎಂದಳು ಟೈಲರಮ್ಮ ಸಣ್ಣ ದನಿಯಲ್ಲಿ.

“ನಿನ್ನೆ ನಿಮ್ಮ ತಲೆ ಉರುಳಿ ನನ್ನ ಕಾಲ ಹತ್ರ ಬಂತು ಅತ್ತೆ. ನಾನೇ ಎತ್ತಿ ಇಟ್ಟೆ. ಆಮೇಲೇ ಕ್ಲಾಸಿನ ವಿಷಯ ಕೇಳಿದ್ದು.”

ಇನ್ನು ಮುಚ್ಚಿಡುವುದೇನು? ಟೈಲರಮ್ಮ ಎಲ್ಲ ಒಪ್ಪಿಕೊಂಡಳು. ಡಾಕ್ಟರಮ್ಮ ನಗಲಿಲ್ಲ. “ಅನ್ನನಾಳ ಸುಟ್ಕೊಂಡಿದ್ದೀರಿ. ಆ ಮಾತ್ರೆ ಇನ್ನು ಬೇಡ. ಬೆಳಗ್ಗೆ ಮಲಗದೆ ಇರೋಕಾಗಲ್ಲ ಅಂತ ಅವತ್ತೇ ಹೇಳಿದ್ರೆ ವರ್ಷಕ್ಕೊಂದು ಇಂಜೆಕ್ಷನ್ ಕೊಡ್ತಿದ್ದೆ. ಉರಿ ವಾಸಿಯಾದ ಮೇಲೆ ಅದನ್ನೇ ಕೊಡೋಣ. ವ್ಯಾಯಾಮ ಮಾತ್ರ ತಪ್ಪಿಸಬೇಡಿ. ಮೂಳೆಗೆ ಅದು ಬೇಕೇ ಬೇಕು.”

ಹೀಗೆ ವಾರದ ಒಂದು ನಿದ್ದೆ ಉಳಿಸಲು ಹೋದ ಟೈಲರಮ್ಮ ಏಳನ್ನೂ ಕಳೆದುಕೊಂಡಳು.

ಉರಿ ಇಳಿದ ವಾರ ಕ್ಲಾಸು ಶುರುವಾಯಿತು. ಮೈದಾನದ ತುಂಬ ಮಂಜು. ಹದಿನಾಲ್ಕು ಮಂದಿ ಹಿರಿಯ ಹೆಂಗಸರು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದರು. ಬೆಳಕು ಹಾಲಿನಂತೆ ಮೆಲ್ಲಗೆ ಹರಡುತ್ತಿತ್ತು. ಎಲ್ಲೋ ದೂರದಲ್ಲಿ ಒಂದು ಹಕ್ಕಿ ಜೋಗುಳದಂತೆ ಕೂಗುತ್ತಿತ್ತು. ಸೊಸೆ ಸೀಟಿ ಊದಿದಳು.

“ಎಡಗಾಲು ಕೆಳಗೆ! ಬಲಗಾಲು ಮೇಲೆ! ಅತ್ತೆ, ಗೊರಕೆ ಬೇಡ!”