ಕೊನೆಯ ಸಾಲಿನ ತೇಪೆಯನ್ನು ತೆಗೆಯುವ ಕುರಿತು

ತೇಪೆ ವಿಭಾಗ
ಸಂಖ್ಯೆ: ತೇವಿ/ತಲೆಚೀಟಿ/ತಿದ್ದಿದ್ದು/ತಿದ್ದಿದ್ದನ್ನು ತಿದ್ದಿದ್ದು

ಉಲ್ಲೇಖ:
(ಅ) "ತೆಗಿ ಅಂದ ತಕ್ಷಣ ತೆಗೆಯೋಕೆ ಅದೇನು ಕಾಲಿಗೆ ಚುಚ್ಚಿದ ಮುಳ್ಳೇನಮ್ಮ?" ಎಂಬ, ಹಿರಿಯ ತೇಪೆಗಾರರಾದ 'ದೊಡ್ಡಪ್ಪ'ನವರ ಮೌಖಿಕ ಹೇಳಿಕೆ.
(ಆ) "ಮುಳ್ಳಲ್ಲ ದೊಡ್ಡಪ್ಪ, ವಾಸಿಯಾದ ಗಾಯದ ಮೇಲಿನ ಪಟ್ಟಿ" ಎಂಬ, ಹೊಸ ಪರಿಶೀಲಕಿಯ ಮೌಖಿಕ ಉತ್ತರ.

ವಿಷಯ: ಕೆಲಸ ಮುಗಿದ ತೇಪೆಗಳು ಹಾಗೂ ಅವುಗಳ ತಲೆಚೀಟಿಗಳ ನಿರ್ವಹಣೆ.

ಬೇರೆಯವರು ಬರೆದ ತಂತ್ರಾಂಶವನ್ನು ಕಟ್ಟಿ ಜನರಿಗೆ ತಲುಪಿಸುವುದು ಈ ವಿಭಾಗದ ಕೆಲಸ. ಅದರಲ್ಲಿ ಹರಿದದ್ದು ಕಂಡರೆ ಮೂಲವನ್ನು ಮುಟ್ಟದೆ, ತಿದ್ದುಪಡಿಯನ್ನು ಪ್ರತ್ಯೇಕ ತೇಪೆಯಾಗಿಟ್ಟು, ಅದರ ನೆತ್ತಿಗೊಂದು ತಲೆಚೀಟಿ ಅಂಟಿಸುವುದು ಪದ್ಧತಿ: ಯಾಕೆ, ಯಾರು, ತಂತ್ರಾಂಶ ಬರೆದ ಮೂಲ ತಂಡಕ್ಕೆ ಕಳಿಸಿದೆಯೇ, ಕೊನೆಗೆ ತಿದ್ದಿದ್ದು ಯಾವಾಗ.

ಮುದ್ರಣ ತಂತ್ರಾಂಶವು ಪ್ರತಿ ಪುಟದ ಕೊನೆಯ ಸಾಲನ್ನು ನುಂಗುತ್ತಿತ್ತು. ಅದನ್ನು ಕಕ್ಕಿಸುವ ತೇಪೆಯನ್ನು ದೊಡ್ಡಪ್ಪನವರು ಹೊಲಿದು, ಪ್ರತಿ ಹೊಸ ಆವೃತ್ತಿಗೂ ಅಳತೆ ಸರಿಮಾಡುತ್ತ ಬಂದಿರುತ್ತಾರೆ. ಮೂಲ ತಂಡಕ್ಕೆ ಮಾತ್ರ ಕಳಿಸಿರಲಿಲ್ಲ. ಪರಿಶೀಲಕಿಯು ಕಳಿಸಿದರು. ಮೂಲ ತಂಡವು ಅದನ್ನು ನೋಡಿ, ತಾನೇ ಒಂದೇ ಸಾಲಿನಲ್ಲಿ ಸರಿಪಡಿಸಿತು. ಈಗ ಎರಡು ಉಪಕಾರವೂ ಸೇರಿ ಕೊನೆಯ ಸಾಲು ಎರಡೆರಡು ಸಲ ಬರುತ್ತಿದೆ. ಹೊಸ ಆವೃತ್ತಿಯು ನಾಳೆ ಊರಿಗೆಲ್ಲ ಹೋಗಲಿದೆ. ತೇಪೆಯನ್ನು ಬರೆದವರೇ ತೆಗೆಯಬೇಕೆಂಬ ನಿಯಮವನ್ನು ಈ ವಿಭಾಗವೇ ಮಾಡಿ, ಅಂದು ತನಗೆ ತಾನೇ ಚಪ್ಪಾಳೆಯನ್ನೂ ತಟ್ಟಿಕೊಂಡಿತ್ತು. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

೧. "ಸರಿ ಮಾಡಿದೆ", "ಇದಿಲ್ದಿದ್ರೆ ಓಡಲ್ಲ", "ಮುಟ್ಟಿದ್ರೆ ಜೋಕೆ" ಇವುಗಳನ್ನು 'ಯಾಕೆ' ಎಂಬುದರ ವಿವರಣೆ ಎಂದು ಪರಿಗಣಿಸಲಾಗುವುದಿಲ್ಲ. ವಿಭಾಗದ ಮುಖ್ಯಸ್ಥರ ತೇಪೆಯೊಂದರಲ್ಲಿ "ನೋಡೋಣ" ಎಂದಷ್ಟೇ ಇರುವುದು ಗಮನಕ್ಕೆ ಬಂದಿದ್ದು, ಅದನ್ನು ಗಮನದಿಂದ ತೆಗೆದುಹಾಕಲಾಗಿದೆ.

೨. 'ಮೂಲ ತಂಡಕ್ಕೆ ಕಳಿಸಿದೆಯೇ' ಎಂಬಲ್ಲಿ "ನಾಳೆ" ಎಂದು ಬರೆಯತಕ್ಕದ್ದಲ್ಲ. "ಅವರು ನಕ್ಕರೆ?" ಎಂದು ಬರೆಯಬಹುದು, ಅದು ಈ ವಿಭಾಗದ ಎಲ್ಲರ ನಿಜವಾದ ಕಾರಣವಾಗಿರುತ್ತದೆ.

೩. ತೇಪೆಯನ್ನು ತೆರೆದು, ನಿಟ್ಟುಸಿರು ಬಿಟ್ಟು, ಮುಚ್ಚಿಡುವುದನ್ನು ತಿದ್ದುಪಡಿಯೆಂದು ದಾಖಲಿಸತಕ್ಕದ್ದಲ್ಲ.

೪. ಕೊನೆಯ ಸಾಲು ಎರಡು ಸಲ ಬರುವುದರ ಬಗ್ಗೆ ಅನುಮಾನವಿದ್ದವರು, ಹೊಸ ಆವೃತ್ತಿಯಲ್ಲೇ ಮುದ್ರಿಸಲಾಗುತ್ತಿರುವ ಈ ಪುಟದ ತಳವನ್ನು ನೋಡಿಕೊಳ್ಳತಕ್ಕದ್ದು.

ದಯವಿಟ್ಟು ಪುಟ ತಿರುಗಿಸಿ
ದಯವಿಟ್ಟು ಪುಟ ತಿರುಗಿಸಿ

೫. "ಒಂದೇ ಸಾಲಲ್ಲಿ ಮುಗಿಸಿಬಿಟ್ರಂತೆ!" ಎಂಬ ಉದ್ಗಾರವನ್ನು ದೊಡ್ಡಪ್ಪನವರ ಕಿವಿಗೆ ಬೀಳುವಂತೆ ಮಾಡತಕ್ಕದ್ದಲ್ಲ. ಈಗಾಗಲೇ ಮಾಡಿದವರು ಅದು ಕೆಮ್ಮು ಎಂದು ಸಮಜಾಯಿಷಿ ನೀಡತಕ್ಕದ್ದು.

೬. ಹೊಸ ಆವೃತ್ತಿಯ ಜೊತೆ ಮೂಲ ತಂಡದ ಟಿಪ್ಪಣಿಯೊಂದು ಬಂದಿದ್ದು, ಅದನ್ನು ದೊಡ್ಡಪ್ಪನವರ ಮೇಜಿನ ಮೇಲಿಡಲಾಗಿದೆ. "ಕನ್ನಡಕ ಸಿಗ್ತಿಲ್ಲ ಕಣಮ್ಮ, ಆಮೇಲೆ ಓದ್ತೀನಿ" ಎಂದು ಅವರು ಬೆಳಗಿನಿಂದ ತಿಳಿಸುತ್ತಿದ್ದಾರೆ. ಕನ್ನಡಕವು ಅವರ ಹಣೆಯ ಮೇಲಿರುವುದನ್ನು ಸಿಬ್ಬಂದಿಯು ಕಾಣತಕ್ಕದ್ದಲ್ಲ.

೭. ತೇಪೆ ತೆಗೆದವರ ಬೆನ್ನು ತಟ್ಟಬಹುದು. ಎರಡು ಸಲ ತಟ್ಟತಕ್ಕದ್ದಲ್ಲ.

ಸಹಿ/-
ಉಪಮುಖ್ಯಸ್ಥರು
(ಮುಖ್ಯಸ್ಥರ ಪರವಾಗಿ, ಮುಖ್ಯಸ್ಥರು "ನೋಡೋಣ" ಎಂದಿರುತ್ತಾರೆ)

ಷರಾ: ಮೊದಲ ಪುಟ ಹೊರಬಂದೊಡನೆ ಮುದ್ರಕದಲ್ಲಿ ಕಾಗದ ಮುಗಿಯಿತು. ಉಗ್ರಾಣದವರು ಕಾಗದ ತರುವಷ್ಟರಲ್ಲಿ ದೊಡ್ಡಪ್ಪನವರು ಆ ಪುಟವನ್ನು ಕೈಗೆತ್ತಿಕೊಂಡು, ತಳವನ್ನು ಬಹಳ ಹೊತ್ತು ನೋಡಿ, ಕನ್ನಡಕ ಇಳಿಸಿಕೊಂಡು ಟಿಪ್ಪಣಿಯನ್ನು ಓದಿದರು. ಅದರಲ್ಲಿ, "ಇಂಥದ್ದೊಂದು ತೊಂದರೆ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಇಷ್ಟು ಕಾಲ ಆ ಸಾಲನ್ನು ಕಾಯ್ದ ದೊಡ್ಡಪ್ಪ ಎಂಬುವರಿಗೆ ವಂದನೆ" ಎಂದಿತ್ತು. "ನನ್ನ ಹೆಸರಲ್ಲೇ ಕಳಿಸಿದ್ಯಾ ಕೂಸೇ?" ಎಂದು ಪರಿಶೀಲಕಿಯನ್ನು ಕೇಳಿದರು. "ತಲೆಚೀಟಿಯಲ್ಲಿ ಬರೆದವರು ಅಂತ ನಿಮ್ಮ ಹೆಸರೇ ಇತ್ತಲ್ಲ ದೊಡ್ಡಪ್ಪ" ಎಂಬ ಉತ್ತರ ಬಂದಿರುತ್ತದೆ. ತರುವಾಯ ಅವರು ಕುರ್ಚಿ ಎಳೆದುಕೊಂಡು, ತಮ್ಮ ತೇಪೆಯನ್ನು ತೆರೆದು ಕೂತರು. ಎರಡನೆಯ ಪುಟವನ್ನು ಆನಂತರ ಮುದ್ರಿಸಲಾಗಿದೆ.

ಪ್ರತಿಗಳು:
೧. ಮೂಲ ತಂಡಕ್ಕೆ, ಮಾಹಿತಿಗಾಗಿ (ಈ ಸಲ ತಡಮಾಡದೆ).
೨. ಮುಖ್ಯಸ್ಥರಿಗೆ, ನೋಡಲು.
೩. ಪರಿಶೀಲಕಿಗೆ, ದೊಡ್ಡಪ್ಪನವರ ಮೇಜಿನ ಮೂಲಕ.
೪. ಕಚೇರಿ ಕಡತಕ್ಕೆ. ಈ ಸಾಲು ಒಂದೇ ಸಲ ಬಂದಿರುತ್ತದೆ.